ಮೇಲೂರಿನ ಓಟಗಾರರಿಗೆ ರಸ್ತೆಯ ಒಂದಂಚು ಕೊಡಿ

ಚಿಕ್ಕಬಳ್ಳಾಪುರದ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಾನು ಶಿಡ್ಲಘಟ್ಟ ತಾಲ್ಲೂಕು ಮೇಲೂರಿನ ಓಟಗಾರ.

ಬೆಂಗಳೂರು ಮ್ಯಾರಥಾನ್‌ನಲ್ಲಿ ಮೊದಲ ಸಲ 42.195 ಕಿ.ಮೀ. ಓಡಿ ಮುಗಿಸಿದ್ದೇನೆ. ಆ ಓಟ ಹಲವು ಪಾಠ ಕಲಿಸಿತು. ಅವುಗಳಲ್ಲಿ ಕೆಲವನ್ನು ನಾನೇ ಪಾಲಿಸಬಹುದು. ಆದರೆ ಎಲ್ಲಕ್ಕಿಂತ ದೊಡ್ಡ ಪಾಠ ಜಿಲ್ಲಾಡಳಿತದ ಕೈಯಲ್ಲಿರುವ ವಿಷಯ. ಹಾಗಾಗಿ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲನೆಯ ಪಾಠ ತಾಳ್ಮೆಯದು. ಆರಂಭದಲ್ಲಿ ಹುರುಪಿನಿಂದ ನುಗ್ಗಿದವರು ಕೊನೆಗೆ ಬಸವಳಿಯುತ್ತಾರೆ. ಸ್ನಾಯುಗಳಲ್ಲಿ, ಪಿತ್ತಜನಕಾಂಗದಲ್ಲಿ ಶೇಖರವಾದ ಸಕ್ಕರೆಯಂಶ ಹೆಚ್ಚಿನವರಿಗೆ 30 ಕಿ.ಮೀ. ದಾಟುವ ಹೊತ್ತಿಗೆ ಬರಿದಾಗುತ್ತಾ ಬರುತ್ತದೆ. ಆಮೇಲೆ ಕಾಲು ಕಲ್ಲಾಗುತ್ತದೆ. ಅದನ್ನು ತಡೆದುಕೊಳ್ಳುವ ಶಕ್ತಿ ಒಂದೇ ವಾರದಲ್ಲಿ ಬರುವಂಥದ್ದಲ್ಲ. ವಾರಕ್ಕೊಂದು ದೀರ್ಘ ಓಟ ಓಡುತ್ತಾ, ದೂರವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ, ನಡುನಡುವೆ ವಿಶ್ರಾಂತಿ ಕೊಡುತ್ತಾ ತಿಂಗಳುಗಟ್ಟಲೆ ಮೈಯನ್ನು ಅಣಿಗೊಳಿಸಬೇಕು. ರೇಷ್ಮೆ ಸಾಕುವ ನಮ್ಮೂರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಪೊರೆ ಕಳಚಲು ಜ್ವರಕ್ಕೆ ಕೂತ ಹುಳುವಿಗೆ ಯಾರೂ ಸೊಪ್ಪು ಹಾಕುವುದಿಲ್ಲ, ಕದಲಿಸುವುದೂ ಇಲ್ಲ. ನಾಲ್ಕು ಜ್ವರ ಕಳೆದು, ಮತ್ತೆ ಹೊಟ್ಟೆತುಂಬ ಸೊಪ್ಪು ತಿಂದು ಹಣ್ಣಾದ ಹುಳುವೇ ಗೂಡು ಕಟ್ಟುವುದು. ಓಟಗಾರರ ಮೈಗೂ ವಿಶ್ರಾಂತಿಯ ದಿನಗಳು ಅಷ್ಟೇ ಮುಖ್ಯ.

ಎರಡನೆಯ ಪಾಠ, ಒಬ್ಬರ ಓಟದ ಹಿಂದೆ ನೂರಾರು ಜನರ ದುಡಿಮೆ ಇರುತ್ತದೆ ಎಂಬುದು. ಅಂದು ಬೆಂಗಳೂರಿನಲ್ಲಿ ವಾಹನಗಳನ್ನು ತಡೆದು ಓಟಗಾರರಿಗೆ ರಸ್ತೆ ಬಿಟ್ಟುಕೊಟ್ಟಿದ್ದರು. ಅಲ್ಲಲ್ಲಿ ನೀರಿನ ಮೇಜು, ಲವಣ ಬೆರೆಸಿದ ಪಾನೀಯ, ಆಂಬುಲೆನ್ಸ್, ತಿರುವುಗಳಲ್ಲಿ ದಾರಿ ತೋರಿಸುವ ಸ್ವಯಂಸೇವಕರು ಇದ್ದರು. ಆ ವ್ಯವಸ್ಥೆ ಇಲ್ಲದಿದ್ದರೆ ಕೊನೆಯ ಹತ್ತು ಕಿಲೋಮೀಟರ್ ನನ್ನಿಂದ ಆಗುತ್ತಿರಲಿಲ್ಲ.

ಇನ್ನು ಎಲ್ಲಕ್ಕಿಂತ ದೊಡ್ಡ ಪಾಠ: ಮ್ಯಾರಥಾನ್ ಒಂದು ದಿನದ ಮಾತು. ಅದಕ್ಕೆ ತಯಾರಾಗುವ ಅಷ್ಟೂ ತಿಂಗಳು ನಾವು ಓಡುವುದು ನಮ್ಮೂರಿನ ರಸ್ತೆಯಲ್ಲೇ. ಬೆಳಗಿನ ಜಾವ ಈ ರಸ್ತೆ ಖಾಲಿ ಇರುವುದಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹೊತ್ತ ಟೆಂಪೊ, ಡೇರಿಗೆ ಹಾಲಿನ ಕ್ಯಾನು, ತರಕಾರಿ ಗಾಡಿ, ಹಿಂಬದಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿದ ಬೈಕು ಎಲ್ಲವೂ ಅದೇ ಹೊತ್ತಿಗೆ ಹೊರಡುತ್ತವೆ. ವಾಹನದವರ ಅವಸರ ನ್ಯಾಯವಾದದ್ದೇ, ಅದು ಅವರ ಅನ್ನ. ಎದುರಿನಿಂದ ಹೆಡ್‌ಲೈಟ್ ಕಣ್ಣಿಗೆ ಹೊಡೆದಾಗ ಓಡುವವರು ಡಾಂಬರಿನಿಂದ ಕೆಳಗಿಳಿಯಬೇಕು. ಕೆಳಗೆ ಅಂಚು ಕೊರೆದುಹೋಗಿರುತ್ತದೆ, ಜಲ್ಲಿ ಎದ್ದಿರುತ್ತದೆ, ಬೇಲಿಯ ಗಿಡ ಮೊಣಕಾಲಿಗೆ ತಾಗುತ್ತದೆ. ಕತ್ತಲಲ್ಲಿ ಅಲ್ಲಿ ಕಾಲಿಟ್ಟರೆ ಪಾದ ಹೊರಳುತ್ತದೆ. ಇಡದಿದ್ದರೆ ಪ್ರಾಣಕ್ಕೇ ಅಪಾಯ.

ಇದು ಮ್ಯಾರಥಾನ್ ಓಡುವ ಕೆಲವರ ಹವ್ಯಾಸದ ಪ್ರಶ್ನೆಯಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆನ್ನುವ ಹುಡುಗ 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು, ಹುಡುಗಿ 400 ಮೀಟರನ್ನು ಎರಡು ನಿಮಿಷದೊಳಗೆ. ಸೇನೆಗೆ ಸೇರುವವರಿಗೂ ಓಟದ ಪರೀಕ್ಷೆ ಇದೆ. ರೈತರ, ನೂಲು ಬಿಚ್ಚುವವರ ಮಕ್ಕಳಿಗೆ ಈ ಓಟವೇ ನೌಕರಿಯ ಬಾಗಿಲು. ಬೀದಿದೀಪವಿಲ್ಲದ ರಸ್ತೆಗೆ ಮಗಳನ್ನು ಕಳಿಸಲು ತಾಯಿ ಹೆದರಿದರೆ ಆ ಬಾಗಿಲು ಅಲ್ಲೇ ಮುಚ್ಚಿದಂತೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ವೈದ್ಯರು ನಡೆಯಲು ಹೇಳಿದ ಹಿರಿಯರಿಗೂ ಇದೇ ರಸ್ತೆ ಗತಿ.

ನಮ್ಮ ನಾಡಿಗೆ ದೂರದ ಓಟ ಹೊಸದಲ್ಲ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರಲ್ಲೇ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿ 19ನೆಯವರಾಗಿ ಗುರಿ ಮುಟ್ಟಿದ್ದರು. ಓಡುವ ಕಾಲುಗಳು ಹಳ್ಳಿಗಳಲ್ಲೂ ಇವೆ, ಓಡಲು ಜಾಗ ಬೇಕು ಅಷ್ಟೆ.

ಜಿಲ್ಲಾ ಕೇಂದ್ರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಕ್ರೀಡಾಂಗಣವಿದೆ. ಆದರೆ ಮೇಲೂರಿನ ಮಕ್ಕಳು ಬಸ್ಸು ಹಿಡಿದು ಅಲ್ಲಿಗೆ ಹೋಗಿ, ಓಡಿ ಬರುವಷ್ಟರಲ್ಲಿ ಶಾಲೆಯ ಗಂಟೆ ಹೊಡೆದಿರುತ್ತದೆ. ಆದ್ದರಿಂದ ತಮ್ಮಲ್ಲಿ ಮೂರು ಬೇಡಿಕೆಗಳನ್ನಿಡುತ್ತೇನೆ.

ಒಂದು, ತಮ್ಮ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಮೇಲೂರಿನ ರಸ್ತೆಯನ್ನು ಬೆಳಕು ಹರಿಯುವ ಮುನ್ನ ಬಂದು ನೋಡಲಿ. ಅಂಚಿಗೆ ಮಣ್ಣು ತುಂಬಿಸಿ ಮಟ್ಟ ಮಾಡಿಸಿ, ಗಿಡಗಂಟಿ ತೆಗೆಸಿ, ಊರಿನ ಎರಡೂ ತುದಿಗಳಲ್ಲಿ ದೀಪ ಹಾಕಿಸಿ.

ಎರಡು, ತಾಲ್ಲೂಕಿನ ಸರ್ಕಾರಿ ಶಾಲೆಗಳ ಮೈದಾನಗಳನ್ನು ಬೆಳಿಗ್ಗೆ, ಸಂಜೆ ಊರಿನವರಿಗೆ ತೆರೆದಿಡಲು ಆದೇಶಿಸಿ. ಜಾಗವಿರುವ ಕಡೆ ಸುತ್ತಲೂ ಮಣ್ಣಿನ ಓಟದ ಪಥ ಸಾಕು. ಸಿಂಥೆಟಿಕ್ ಟ್ರ್ಯಾಕ್ ಕೇಳುತ್ತಿಲ್ಲ. ಉದ್ಯೋಗ ಖಾತ್ರಿ ಯೋಜನೆಯಲ್ಲಿ ರಾಜ್ಯದ ಎಷ್ಟೋ ಶಾಲೆಗಳು ಆಟದ ಮೈದಾನ ಕಂಡಿವೆ. ಆ ಅನುಭವ ಇಲ್ಲಿ ನೆರವಾಗುತ್ತದೆ.

ಮೂರು, ನಡೆಯಲು, ಓಡಲು ಅನುಕೂಲವಾಗುವಂತೆ ಕೆರೆ ಏರಿಗಳ ಮೇಲಿನ ಜಾಲಿ ತೆಗೆಸಿ. ಏರಿಗೂ ಕ್ಷೇಮ, ನಡೆಯುವವರಿಗೂ ಕ್ಷೇಮ.

ಒಂದು ದಿನದ ಓಟಕ್ಕಾಗಿ ಮಹಾನಗರ ತನ್ನ ರಸ್ತೆಯನ್ನೇ ಬಿಟ್ಟುಕೊಡುತ್ತದೆ. ನಾವು ಕೇಳುತ್ತಿರುವುದು ರಸ್ತೆಯ ಅಂಚನ್ನು ಮಾತ್ರ. ಸಮಿತಿಯ ಮುಂದಿನ ಸಭೆಯಲ್ಲೇ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮೇಲೂರಿನ ಓಟಗಾರ