ಮಗುವಿನ ತಲೆಯೊಳಗಿನ ನೀರುಚೀಲ

ಹತ್ತನೆಯ ತರಗತಿಗೆ ಮಿದುಳಿನ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, 'ಸಾರ್, ನನ್ನ ತಮ್ಮನಿಗೆ ಐದು ತಿಂಗಳು. ಅವನ ತಲೆಯೊಳಗೆ ನೀರಿನ ಗುಳ್ಳೆ ಇದೆಯಂತೆ. ಸೂಜಿ ಚುಚ್ಚಿ ನೀರು ತೆಗೆದುಬಿಟ್ಟರೆ ಆಯಿತಲ್ಲ, ಆಪರೇಷನ್ ಯಾಕೆ?' ಎಂದಳು. ಆಗ ನಾನು ಕೊಟ್ಟ ಉತ್ತರ ನನಗೇ ಸಾಲದೆನಿಸಿತು. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಮಿದುಳಿಗೆ ಮೂರು ಪೊರೆಗಳ ಹೊದಿಕೆಯುಂಟು. ನಡುವಿನದು ಜೇಡರಬಲೆಯಂಥದು. ಕೆಲವು ಮಕ್ಕಳಲ್ಲಿ ಗರ್ಭದಲ್ಲಿದ್ದಾಗಲೇ ಈ ಪೊರೆ ಸೀಳಿ ಎರಡು ಪದರವಾಗುತ್ತದೆ. ಆ ಸಂದಿನಲ್ಲಿ ತಿಳಿನೀರಿನಂಥ ದ್ರವ ತುಂಬಿದ ಚೀಲವೇ ಈ ಸಿಸ್ಟ್. ಇದು ಕ್ಯಾನ್ಸರ್ ಅಲ್ಲ. ಎಷ್ಟೋ ಚೀಲಗಳು ಜೀವಮಾನವಿಡೀ ಸುಮ್ಮನಿರುತ್ತವೆ. ಅಂಥವನ್ನು ವೈದ್ಯರು ಮುಟ್ಟುವುದೇ ಇಲ್ಲ. ಆದರೆ ಚೀಲ ಬೆಳೆದು ಮಿದುಳನ್ನು ಒತ್ತಿದರೆ, ಇಲ್ಲವೇ ಮಿದುಳಿನ ದ್ರವ ಹರಿಯುವ ದಾರಿಗೆ ಅಡ್ಡವಾದರೆ, ಶಸ್ತ್ರಚಿಕಿತ್ಸೆ ಬೇಕು.

ಸೂಜಿಯಿಂದ ತೆಗೆದ ನೀರು ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಆದ್ದರಿಂದ ಅದಕ್ಕೊಂದು ಶಾಶ್ವತ ದಾರಿ ಮಾಡಿಕೊಡಬೇಕು. ಒಂದು ವಿಧಾನದಲ್ಲಿ ತಲೆಬುರುಡೆಗೆ ಸಣ್ಣ ರಂಧ್ರ ಮಾಡಿ, ಎಂಡೋಸ್ಕೋಪ್ ಎಂಬ ತೆಳ್ಳನೆಯ ದೂರ್ಬೀನು ಇಳಿಸಿ, ಚೀಲದ ಗೋಡೆಯಲ್ಲಿ ಕಿಟಕಿ ತೆರೆಯುತ್ತಾರೆ. ಒಳಗಿನ ನೀರು ಮಿದುಳಿನ ಸಹಜ ದ್ರವದೊಡನೆ ಬೆರೆತು ಕೊನೆಗೆ ರಕ್ತಕ್ಕೆ ಸೇರುತ್ತದೆ. ಇನ್ನೊಂದು, ಷಂಟ್ ಎಂಬ ನಳಿಕೆ. ಅದು ಚೀಲದಿಂದ ಹೊರಟು ಕಿವಿಯ ಹಿಂದೆ, ಕತ್ತು, ಎದೆಗಳ ಚರ್ಮದಡಿಯಲ್ಲಿ ಇಳಿದು ಹೊಟ್ಟೆಯೊಳಗೆ ಸೇರುತ್ತದೆ. ನಡುವೆ ಒಂದು ಕವಾಟ. ಅದಿಲ್ಲದಿದ್ದರೆ ನೀರು ಅತಿಯಾಗಿ ಸೋರಿಹೋದೀತು, ಇಲ್ಲವೇ ಹಿಂದಕ್ಕೆ ನುಗ್ಗೀತು. ನಳಿಕೆ ಕಟ್ಟಿಕೊಳ್ಳುವುದೂ ನಂಜಾಗುವುದೂ ಉಂಟು. ಹಾಗಾಗಿ ಸಾಧ್ಯವಿದ್ದಲ್ಲಿ ಕಿಟಕಿಯೇ ಮೇಲೆಂದು ಅನೇಕ ಶಸ್ತ್ರವೈದ್ಯರ ಮತ.

ಈ ಕವಾಟದ ಚರಿತ್ರೆಯಲ್ಲಿ ನಿಮಗೆ ಪರಿಚಿತನಾದ ಒಬ್ಬ ಲೇಖಕ ಬರುತ್ತಾನೆ. 'ಚಾರ್ಲಿ ಅಂಡ್ ದ ಚಾಕೊಲೇಟ್ ಫ್ಯಾಕ್ಟರಿ' ಬರೆದ ರೋಲ್ಡ್ ಡಾಲ್! 1960ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಅವನ ನಾಲ್ಕು ತಿಂಗಳ ಮಗ ಥಿಯೋ ಮಲಗಿದ್ದ ಗಾಡಿಗೆ ಟ್ಯಾಕ್ಸಿ ಬಡಿಯಿತು. ಏಟಿನಿಂದ ತಲೆಯಲ್ಲಿ ನೀರು ತುಂಬಿತು. ಇದು ಸಿಸ್ಟ್ ಅಲ್ಲವಾದರೂ ಉಪಾಯ ಅದೇ, ನಳಿಕೆ. ಅದರ ಕವಾಟವೋ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಡಾಲ್ ಕೈಕಟ್ಟಿ ಕೂರಲಿಲ್ಲ. ಆಟಿಕೆ ವಿಮಾನಗಳ ಎಂಜಿನ್ನಿಗೆ ಪುಟ್ಟ ಪಂಪು ಮಾಡುತ್ತಿದ್ದ ಸ್ಟ್ಯಾನ್ಲಿ ವೇಡ್, ಲಂಡನ್ನಿನ ಶಸ್ತ್ರವೈದ್ಯ ಕೆನೆತ್ ಟಿಲ್, ಇವರ ಜೊತೆ ಸೇರಿ 1962ರ ಹೊತ್ತಿಗೆ ಸುಲಭವಾಗಿ ಕಟ್ಟಿಕೊಳ್ಳದ ಕವಾಟವನ್ನು ರೂಪಿಸಿದ. ಮೂವರೂ ಲಾಭ ತೆಗೆದುಕೊಳ್ಳಲಿಲ್ಲ. ತಮಾಷೆಯೆಂದರೆ, ಅಷ್ಟರಲ್ಲಿ ಥಿಯೋ ಚೇತರಿಸಿಕೊಂಡಿದ್ದ. ಕವಾಟ ಉಪಯೋಗವಾದದ್ದು ಬೇರೆಯವರ ಮಕ್ಕಳಿಗೆ.

ಖರ್ಚಿಗೆ ಹೆದರುವ ತಂದೆತಾಯಂದಿರಿಗೆ ಇನ್ನೊಂದು ಮಾತು. ನಮ್ಮ ದೇಶದಲ್ಲೇ ತಯಾರಾಗುವ ಅಗ್ಗದ ಛಾಬ್ರಾ ಷಂಟನ್ನು ಉಗಾಂಡದಲ್ಲಿ ದುಬಾರಿ ವಿದೇಶಿ ಷಂಟಿನೊಡನೆ ಹೋಲಿಸಿದರು. ತಲೆಯಲ್ಲಿ ನೀರು ತುಂಬಿದ್ದ 195 ಮಕ್ಕಳ ಆ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ.

ರೋಗ ಗೊತ್ತಾಗುವುದು ಹೇಗೆ? ಹಸುಳೆಯ ತಲೆಬುರುಡೆಯ ಮೂಳೆಗಳು ಇನ್ನೂ ಬೆಸೆದಿರುವುದಿಲ್ಲ. ಒಳಗೆ ಒತ್ತಡ ಹೆಚ್ಚಿದರೆ ತಲೆಯೇ ಹಿಗ್ಗುತ್ತದೆ. ಹುಟ್ಟಿದಾಗ ಸುಮಾರು 35 ಸೆಂಟಿಮೀಟರ್ ಇರುವ ಸುತ್ತಳತೆ ವರ್ಷ ತುಂಬುವಾಗ ಸುಮಾರು 46 ಆಗುತ್ತದೆ. ಅದಕ್ಕಿಂತ ಬೇಗಬೇಗನೆ ಏರುತ್ತಿದ್ದರೆ, ನೆತ್ತಿಯ ಮೆತ್ತನೆಯ ಭಾಗ ಉಬ್ಬಿ ಬಿಗಿಯಾಗಿದ್ದರೆ, ಮಗು ಪದೇ ಪದೇ ವಾಂತಿ ಮಾಡುತ್ತಿದ್ದರೆ, ಕಣ್ಣುಗುಡ್ಡೆ ಕೆಳಗೇ ಇಳಿದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. 'ದೊಡ್ಡ ತಲೆ, ಬುದ್ಧಿವಂತನಾಗುತ್ತಾನೆ' ಎಂದು ಆ ಹುಡುಗಿಯ ಮನೆಯಲ್ಲಿ ಎರಡು ತಿಂಗಳು ಸಂತೋಷಪಟ್ಟಿದ್ದರಂತೆ. ಲಸಿಕೆಗೆ ಹೋದಾಗ ಟೇಪು ಹಿಡಿದ ನರ್ಸಮ್ಮನಿಗೆ ಅನುಮಾನ ಬಂತು.

ತಮ್ಮನಿಗೆ ಕಿಟಕಿಯ ಶಸ್ತ್ರಚಿಕಿತ್ಸೆ ಆಯಿತು. ಈಗ ಅವಳೇ ಹದಿನೈದು ದಿನಕ್ಕೊಮ್ಮೆ ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನವರೆಗೆ ಟೇಪು ಸುತ್ತಿ ಅಳೆದು, ವಿಜ್ಞಾನದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡುತ್ತಾಳೆ. ಹೋದ ವಾರ ತಂದು ತೋರಿಸಿದಳು. ಕೊನೆಯ ಎರಡು ಸಂಖ್ಯೆಗಳೂ ಒಂದೇ ಇದ್ದವು.