ಬಟ್ಟಲು ಕಿರಿದಾದರೆ ಮದ್ಯವು ಮದ್ಯವಲ್ಲವೇ?

ಇಂಗ್ಲೆಂಡಿನ ವಾಯವ್ಯ ಭಾಗದ ಕಂಬ್ರಿಯಾ ಸೀಮೆಯಲ್ಲಿ, ಗುಡ್ಡಸಾಲಿನ ಉತ್ತರದ ಮಗ್ಗುಲಿಗೆ, ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಸಣ್ಣ ಊರಿದೆ. ಅಲ್ಲಿನ ಓಲ್ಡ್ ಕ್ರೌನ್ ಎಂಬ ಪಬ್ಬಿನ ಹಿಂದಿದ್ದ ಹಳೆಯ ಕೊಟ್ಟಿಗೆಯಲ್ಲಿ 1988ರಲ್ಲಿ ಬಿಯರ್ ತಯಾರಿಸುವ ಪುಟ್ಟ ಬ್ರೂವರಿಯೊಂದು ಆರಂಭವಾಯಿತು. ಸ್ಥಾಪಕರು ಅದನ್ನು ಬಿಟ್ಟುಕೊಡಲು ಹೊರಟಾಗ, 1999ರಲ್ಲಿ, ಊರವರೂ ಆ ಬಿಯರಿನ ಅಭಿಮಾನಿಗಳೂ ಸೇರಿ ಸಹಕಾರ ಸಂಘ ಕಟ್ಟಿಕೊಂಡು ಬ್ರೂವರಿಯನ್ನೇ ಕೊಂಡರು. 2003ರಲ್ಲಿ ಪಬ್ಬನ್ನೂ ಅದೇ ರೀತಿಯಲ್ಲಿ ಕೊಂಡರು. ಬ್ರಿಟನ್ನಿನ ಮೊದಲ ಸಹಕಾರಿ ಪಬ್ಬು ಎಂಬ ಹೆಸರು ಅದಕ್ಕೆ ಬಂದಿತು. ಅಲ್ಲಿಯ ಬಿಯರುಗಳಿಗೆ ಸುತ್ತಲಿನ ಗುಡ್ಡಗಳ ಹೆಸರುಗಳನ್ನೇ ಇಟ್ಟರು: ಸ್ಕಿಡ್ಡಾ, ಬ್ಲೆಂಕತ್ರಾ, ಹೇಸ್ಟ್ಯಾಕ್ಸ್, ಕ್ಯಾಟ್‌ಬೆಲ್ಸ್. ಒಂದು ಬಿಯರಂತೂ ಒಬ್ಬ ವೃದ್ಧೆಯ ತೊಂಬತ್ತನೆಯ ಹುಟ್ಟುಹಬ್ಬದ ನೆನಪನ್ನೇ ಹೆಸರಾಗಿ ಹೊತ್ತಿತು. ಬೆಟ್ಟ ಹತ್ತಿ ಇಳಿದ ಪ್ರವಾಸಿಗರು ಸಣ್ಣ ಸಣ್ಣ ಗ್ಲಾಸುಗಳನ್ನು ಸಾಲಾಗಿ ಇರಿಸಿಕೊಂಡು, ಇದರ ಬಣ್ಣ ಹೇಗೆ, ಅದರ ನೊರೆ ಹೇಗೆ, ಇದರಲ್ಲಿ ಹುರಿದ ಧಾನ್ಯದ ಗಂಧವೆಷ್ಟು, ಅದರಲ್ಲಿ ಹಾಪ್ಸ್ ಹೂವಿನ ಕಹಿಯೆಷ್ಟು ಎಂದು ಹೋಲಿಸಿ ರುಚಿ ನೋಡುವುದು ಇಂತಹ ಸ್ಥಳಗಳ ವಾಡಿಕೆ.

ಚಿತ್ರ ಸುಂದರವಾಗಿದೆ. ಸುಂದರವಾಗಿರುವುದೇ ತೊಡಕು. ಕೊಳಕು ಸಾರಾಯಿ ಅಂಗಡಿಯ ಮುಂದೆ ಬಿದ್ದವನನ್ನು ಕಂಡು ಯಾವ ಶ್ರಾವಕನ ಮನಸ್ಸೂ ಚಂಚಲವಾಗದು. ಊರೊಟ್ಟಿನ ಸಹಕಾರ, ಸ್ಥಳೀಯ ಕೈಗೆಲಸ, ಹಿರಿಯರ ನೆನಪು, ಹಿತಮಿತವಾದ ರುಚಿ ಎಂಬ ಸದ್ಗುಣಗಳ ಮೇಳದಲ್ಲಿ ಬರುವ ಮದ್ಯದ ಮುಂದೆ ವಿದ್ಯಾವಂತನ ವಿವೇಕ ಸಡಿಲಗೊಳ್ಳುತ್ತದೆ. ವಿದೇಶದಲ್ಲಿ ನೆಲೆಸಿದ ಕನ್ನಡಿಗ ಜೈನ ತರುಣರ ಮಾತಿನಲ್ಲಿಯೂ, 2010ರ ಆಸುಪಾಸಿನಿಂದ ಬೆಂಗಳೂರಿನಲ್ಲಿ ತಲೆಯೆತ್ತಿದ ಬ್ರೂಪಬ್ಬುಗಳಲ್ಲಿ ಸಹೋದ್ಯೋಗಿಗಳ ಜೊತೆ ಕೂರುವವರ ಮಾತಿನಲ್ಲಿಯೂ ಈಗ ಒಂದು ಹೊಸ ಸಮರ್ಥನೆ ಕೇಳಿಬರುತ್ತಿದೆ. ಶಾಸ್ತ್ರಗಳು ನಿಷೇಧಿಸಿದ್ದು ಕುಡುಕತನವನ್ನು. ಇದು ಕುಡಿತವಲ್ಲ, ಆಸ್ವಾದ. ದೊಡ್ಡ ಕಂಪನಿಯ ದಂಧೆಯಲ್ಲ, ಸಮುದಾಯದ ಕೆಲಸ. ಇದರಲ್ಲಿ ಪ್ರಾಣಿಜನ್ಯ ವಸ್ತುವೂ ಇಲ್ಲ. ಈ ಸಮರ್ಥನೆಯನ್ನು ಹುಬ್ಬು ಗಂಟಿಕ್ಕಿ ತಳ್ಳಿಹಾಕುವುದು ಹಿರಿಯರ ರೂಢಿ. ಅದರಿಂದ ಪ್ರಯೋಜನವಿಲ್ಲ, ಒಂದೊಂದಾಗಿ ಎತ್ತಿಕೊಂಡು ಪರೀಕ್ಷಿಸಬೇಕು.

ಮೊದಲಿಗೆ ಆ ಬಟ್ಟಲಿನೊಳಗೆ ಏನಿದೆ ಎಂಬುದನ್ನೇ ನೋಡಬಹುದು. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸುತ್ತಾರೆ. ಮೊಳಕೆ ಗಿಡವಾಗಲು ಬಿಡದೆ ಬಿಸಿಗಾಳಿಯಿಂದ ಒಣಗಿಸಿ ಅದರ ಬೆಳವಣಿಗೆಯನ್ನು ಕೊಲ್ಲುತ್ತಾರೆ, ಇದೇ ಮಾಲ್ಟ್. ಅದನ್ನು ನುಚ್ಚು ಮಾಡಿ ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿಟ್ಟಾಗ ಪಿಷ್ಟವು ಸಕ್ಕರೆಯಾಗುತ್ತದೆ. ಸೋಸಿದ ಸಿಹಿರಸವನ್ನು ಹಾಪ್ಸ್ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಒಂದು ಮಿಲಿಲೀಟರು ರಸಕ್ಕೆ ಸುಮಾರು ಒಂದು ಕೋಟಿ ಯೀಸ್ಟ್ ಕೋಶಗಳಂತೆ ಬೆರೆಸುವುದು ಸಾಮಾನ್ಯ ಪ್ರಮಾಣ. ಕೆಲವೇ ದಿನಗಳಲ್ಲಿ ಅವು ಹಲವು ಪಟ್ಟು ಹೆಚ್ಚುತ್ತವೆ. ಅವುಗಳ ಜೀವನವ್ಯಾಪಾರದ ಫಲವೇ ಮದ್ಯಸಾರ. ಲೇವನ್‌ಹುಕ್ 1680ರಲ್ಲಿ ಈ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. ಬಿಯರನ್ನೇ ವಸ್ತುವಾಗಿಸಿಕೊಂಡ ಪಾಶ್ಚರನ ಗ್ರಂಥ 1876ರಲ್ಲಿ ಹೊರಬಂದಿತು. ಮದ್ಯವು ರಸದಲ್ಲಿ ಹುಟ್ಟುವ ಅಸಂಖ್ಯ ಜೀವಗಳ ಯೋನಿಯೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೇಳಿದ್ದು ಅದಕ್ಕಿಂತ ಎಷ್ಟೋ ಶತಮಾನಗಳ ಹಿಂದೆ. ಆದುದರಿಂದ ಆಚಾರ್ಯರಿಗೆ ಸೂಕ್ಷ್ಮಜೀವಿಶಾಸ್ತ್ರ ತಿಳಿದಿತ್ತೆಂದು ಎದೆಯುಬ್ಬಿಸುವ ಭಾಷಣಗಳು ಪರ್ಯುಷಣದಲ್ಲಿ ಕೇಳಿಬರುವುದುಂಟು. ಅಂತಹ ಹೆಮ್ಮೆ ಅನಗತ್ಯ. ಅವರು ಹುದುಗುವ ರಸವನ್ನು ಕಣ್ಣಿಟ್ಟು ನೋಡಿದರು, ಅಲ್ಲಿ ಜೀವವ್ಯಾಪಾರವಿದೆಯೆಂದು ಊಹಿಸಿದರು, ದೂರ ಸರಿದರು. ಅಷ್ಟು ಸಾಕು.

ಇನ್ನು ಪ್ರಾಣಿಜನ್ಯ ವಸ್ತುವಿನ ಮಾತು. ಬ್ರಿಟನ್ನಿನ ಪೀಪಾಯಿ ಬಿಯರನ್ನು ತಿಳಿಗೊಳಿಸಲು ಬಹುಕಾಲದಿಂದ ಬಳಸುತ್ತಾ ಬಂದ ವಸ್ತು ಐಸಿಂಗ್ಲಾಸ್. ಮೀನಿನ ಹೊಟ್ಟೆಯಲ್ಲಿರುವ ಗಾಳಿಚೀಲವನ್ನು ಒಣಗಿಸಿ ತೆಗೆದ ಅಂಟು ಅದು. ತೇಲುವ ಯೀಸ್ಟನ್ನು ಹಿಡಿದು ತಳಕ್ಕೆ ಇಳಿಸುತ್ತದೆ. ಮೀನು ಪಂಚೇಂದ್ರಿಯ ಜೀವಿಯೆಂಬುದನ್ನು ಬಾಲಬೋಧೆ ಓದಿದ ಮಗುವೂ ಬಲ್ಲದು. ಮೀನಿನ ಪದಾರ್ಥವನ್ನು ಲೇಬಲ್ಲಿನಲ್ಲಿ ಎಚ್ಚರಿಸಬೇಕೆಂಬ ನಿಯಮ ಯೂರೋಪಿನಲ್ಲಿದ್ದರೂ, ಬಿಯರ್ ಮತ್ತು ವೈನ್ ತಿಳಿಗೊಳಿಸಲು ಬಳಸಿದ ಐಸಿಂಗ್ಲಾಸಿಗೆ ಅದರಿಂದ ವಿನಾಯಿತಿಯಿದೆ. ಅಂದರೆ ಬಾಟಲಿಯ ಮೇಲೆ ಬರೆದಿಲ್ಲವೆಂಬುದು ಒಳಗೆ ತಾಕಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಆದರೂ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಐಸಿಂಗ್ಲಾಸನ್ನು ಬಿಡುವುದಾಗಿ ಗಿನ್ನೆಸ್‌ನಂತಹ ದೊಡ್ಡ ಸಂಸ್ಥೆಯೇ 2015ರಲ್ಲಿ ಘೋಷಿಸಿತು. ಸಣ್ಣ ಬ್ರೂವರಿಗಳಲ್ಲಿ ಬಿಯರನ್ನು ತಿಳಿಗೊಳಿಸದೆಯೇ ಮಾರುವವರೂ ಇದ್ದಾರೆ. ಆದ್ದರಿಂದ ಮೀನೊಂದನ್ನೇ ಆಧಾರವಾಗಿಟ್ಟುಕೊಂಡು ವಾದಿಸುವ ಶ್ರಾವಕನು, ಮೀನಿಲ್ಲದ ಬಿಯರು ಬಂದ ದಿನ ನಿರುತ್ತರನಾಗುತ್ತಾನೆ. ಆ ದಿನ ಬಂದಾಗಿದೆ.

ಜಾಣ ತರುಣನ ಮುಂದಿನ ಪ್ರಶ್ನೆಯೂ ಸಿದ್ಧವಾಗಿರುತ್ತದೆ. ಇಡ್ಲಿಯ ಹಿಟ್ಟು ಹುದುಗುವುದಿಲ್ಲವೇ? ಮೊಸರಿನಲ್ಲಿ ಜೀವಗಳಿಲ್ಲವೇ? ಕಟ್ಟುನಿಟ್ಟಿನ ವ್ರತಿಗಳು ಅವುಗಳಿಗೂ ಕಾಲಮರ್ಯಾದೆ ಇಟ್ಟುಕೊಂಡಿದ್ದಾರೆ, ಅನೇಕರು ಬಿಟ್ಟೇ ಬಿಟ್ಟಿದ್ದಾರೆ ಎಂಬುದು ಒಂದು ಉತ್ತರ. ಅದಕ್ಕಿಂತ ಮುಖ್ಯವಾದ ಉತ್ತರ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿದೆ. ಅಲ್ಲಿ ಮಧುಮಾಂಸಗಳನ್ನು ತ್ರಸಜೀವಿಗಳ ಘಾತವನ್ನು ತಪ್ಪಿಸಲು ಬಿಡಬೇಕೆಂದೂ, ಮದ್ಯವನ್ನು ಪ್ರಮಾದವನ್ನು ತಪ್ಪಿಸಲು ಬಿಡಬೇಕೆಂದೂ ಕಾರಣವನ್ನು ಬೇರೆ ಬೇರೆಯಾಗಿಯೇ ಕೊಟ್ಟಿದ್ದಾರೆ. ಈ ಭೇದವನ್ನು ಗಮನಿಸದೆ ಓದಿದವರೇ ಹೆಚ್ಚು. ಪ್ರಮಾದವೆಂದರೆ ಎಚ್ಚರದ ಲೋಪ. ಪ್ರಮತ್ತಯೋಗದಿಂದಾಗುವ ಪ್ರಾಣಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರ ಲಕ್ಷಣ ಹೇಳುತ್ತದೆ. ಹಾಗಿದ್ದಲ್ಲಿ ಎಚ್ಚರವನ್ನು ತೆಗೆಯುವ ವಸ್ತುವು ಹಿಂಸೆಯ ಒಂದು ಉದಾಹರಣೆ ಮಾತ್ರವಲ್ಲ, ಎಲ್ಲ ಹಿಂಸೆಗೂ ಬಾಗಿಲು. ಇಡ್ಲಿ ತಿಂದವನ ಎಚ್ಚರ ತಪ್ಪದು. ಬಿಯರಿನಿಂದ ಮೀನನ್ನು ತೆಗೆಯಬಹುದು. ಎಚ್ಚರ ತಪ್ಪಿಸುವ ಗುಣವನ್ನು ತೆಗೆದರೆ ಅದನ್ನು ಅಲ್ಲಿ ಯಾರೂ ಬಿಯರೆಂದು ಕೊಂಡಾಡರು.

ಆಸ್ವಾದವು ಕುಡಿತವಲ್ಲವೆಂಬ ಮಾತಿಗೆ ಸ್ವಲ್ಪ ಲೆಕ್ಕ ಬೇಕು. ಬ್ರಿಟನ್ನಿನಲ್ಲಿ ರುಚಿ ನೋಡಲು ಕೊಡುವ ಸಣ್ಣ ಅಳತೆಯ ಗ್ಲಾಸು ಪೈಂಟಿನ ಮೂರನೆಯ ಒಂದು ಭಾಗ. ಅಂತಹ ಮೂರನ್ನು ಮುಂದಿಟ್ಟುಕೊಂಡರೆ ಒಂದು ಪೈಂಟು, ಅಂದರೆ 568 ಮಿಲಿಲೀಟರು. ಬಿಯರಿನ ತೀವ್ರತೆ ನೂರಕ್ಕೆ 4 ಎಂದಿಟ್ಟುಕೊಂಡರೂ ಸುಮಾರು 23 ಮಿಲಿಲೀಟರು ಶುದ್ಧ ಮದ್ಯಸಾರ ಒಳಗೆ ಹೋಯಿತು. ಭಾರತದಲ್ಲಿ ಮಾರುವ 60 ಮಿಲಿಲೀಟರು ವಿಸ್ಕಿಯಲ್ಲಿರುವುದಕ್ಕಿಂತ ಅದು ತುಸುವೇ ಕಡಿಮೆ. ವೈನಿನ ಪರೀಕ್ಷಕರಾದರೂ ಬಾಯಿಗೆ ಹಾಕಿಕೊಂಡದ್ದನ್ನು ಉಗುಳುತ್ತಾರೆ. ಬಿಯರಿನವರು, ಕಹಿ ತಿಳಿಯಬೇಕಾದರೆ ಗಂಟಲಿಗೆ ಇಳಿಯಲೇಬೇಕೆಂದು, ಸಾಮಾನ್ಯವಾಗಿ ನುಂಗುತ್ತಾರೆ. ವಿಸ್ಕಿಯ ಬಾಟಲಿಯನ್ನು ಕಂಡು ಹೌಹಾರುವ ಮನೆತನದ ಹುಡುಗ ಮೂರು ಪುಟ್ಟ ಗ್ಲಾಸುಗಳ ಮುಂದೆ ತಾನು ವ್ರತಭಂಗ ಮಾಡಿಲ್ಲವೆಂದು ನಂಬುತ್ತಾನೆ. ಅವನನ್ನು ನಂಬಿಸಿದ್ದು ಗ್ಲಾಸಿನ ಗಾತ್ರ.

ವೈದ್ಯಶಾಸ್ತ್ರವೂ ಈಗ ಆ ಹುಡುಗನ ಕಡೆಗಿಲ್ಲ. ಮದ್ಯಪಾನೀಯಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ ಸೇರಿಸಿದ್ದು 1988ರಲ್ಲಿ. ಕಂಬ್ರಿಯಾದ ಆ ಕೊಟ್ಟಿಗೆಯಲ್ಲಿ ಮೊದಲ ಪೀಪಾಯಿ ತುಂಬಿದ ವರ್ಷವೇ. ಆರೋಗ್ಯಕ್ಕೆ ಬಾಧಕವಲ್ಲದ ಮದ್ಯದ ಪ್ರಮಾಣವೆಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಆದರೆ ಶ್ರಾವಕನ ತ್ಯಾಗ ವೈದ್ಯರ ವರದಿಯನ್ನು ಕಾಯುತ್ತಾ ಕುಳಿತದ್ದಲ್ಲ. ಇದನ್ನು ಇಲ್ಲಿಗೇ ಬಿಡಬಹುದು.

ಎಲ್ಲಕ್ಕಿಂತ ಬಲವಾದದ್ದು ಸಮುದಾಯದ ವಾದ. ಇದರಲ್ಲಿ ಸತ್ಯಾಂಶವಿದೆಯೆಂದು ಒಪ್ಪಲೇಬೇಕು. ಒಂದು ಊರಿನ ಜನ ತಮ್ಮ ಕೂಡುತಾಣ ಹೊರಗಿನ ಕಂಪನಿಯ ಪಾಲಾಗಬಾರದೆಂದು ತಮ್ಮ ತಮ್ಮ ಉಳಿತಾಯದ ಹಣ ಹಾಕಿದರು. ಇದು ಪರಿಗ್ರಹವನ್ನು ಹಂಚಿಕೊಂಡ ಕೆಲಸ. ವ್ರತ ಕೈಗೊಳ್ಳದ ಆ ಊರವರನ್ನು ನಿಂದಿಸುವ ಅಧಿಕಾರ ಯಾವ ಶ್ರಾವಕನಿಗೂ ಇಲ್ಲ. ಪ್ರಶ್ನೆಯಿರುವುದು ವ್ರತ ಹೊತ್ತವನು ಅದೇ ಮೇಜಿಗೆ ಕುರ್ಚಿ ಎಳೆದುಕೊಂಡಾಗ. ಮಾಡುವುದು, ಮಾಡಿಸುವುದು, ಅನುಮೋದಿಸುವುದು, ಅಂದರೆ ಕೃತ, ಕಾರಿತ, ಅನುಮತ, ಎಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಕರ್ಮಾಸ್ರವದ ದಾರಿಗಳನ್ನು ಎಣಿಸಿದೆ. ಈ ಮೂರನ್ನು ಮನೋವಾಕ್ಕಾಯಗಳಿಂದಲೂ, ಸಂರಂಭ ಸಮಾರಂಭ ಆರಂಭಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದಾಗ ಬರುವ 108ರ ನೆನಪೇ ಜಪಮಾಲೆಯ ಮಣಿಗಳೆಂದು ಹಿರಿಯರು ಹೇಳುತ್ತಾರೆ. ಬ್ರೂವರಿಯಲ್ಲಿ ಯೀಸ್ಟ್ ಬೆರೆಸುವವನು ಮಾಡಿದವನು. ಷೇರು ಕೊಂಡವನು ಮಾಡಿಸಿದವನು. ಗ್ಲಾಸನ್ನೆತ್ತಿ ತಲೆದೂಗಿದವನು ಅನುಮೋದಿಸಿದವನು. ನೂರು ಜನ ಪಾಲು ಹಾಕಿದರೆ ಲಾಭ ನೂರು ಪಾಲಾಗುತ್ತದೆ; ಆಸ್ರವವು ಹಾಗೆ ಹಂಚಿಹೋಗುವುದಿಲ್ಲ. ಉಪಾಸಕದಶಾಸೂತ್ರವು ಶ್ರಾವಕನಿಗೆ ವರ್ಜ್ಯವೆಂದ ಹದಿನೈದು ಕರ್ಮಾದಾನಗಳಲ್ಲಿ ರಸವಾಣಿಜ್ಯವೂ ಒಂದು. ಬಂಡವಾಳ ಎಷ್ಟಿದ್ದರೆ ಅದು ವಾಣಿಜ್ಯವಾಗುತ್ತದೆ ಎಂದು ಅಲ್ಲಿ ವಿನಾಯಿತಿಯ ಮಿತಿ ಇಟ್ಟಿಲ್ಲ.

ಅನೇಕಾಂತವನ್ನು ಮುಂದಿಡುವವರೂ ಇದ್ದಾರೆ. ಒಂದು ನಯದಿಂದ ಮದ್ಯವು ದೋಷ, ಇನ್ನೊಂದು ನಯದಿಂದ ಸಂಸ್ಕೃತಿ ಎಂದು. ವಸ್ತುವನ್ನು ಎಲ್ಲ ಮಗ್ಗುಲಿನಿಂದ ತಿಳಿಯಲೆಂದು ಕೊಟ್ಟ ದೀಪವನ್ನು, ಹಿತ್ತಲ ಬಾಗಿಲನ್ನು ಹುಡುಕಲು ಹಿಡಿದಂತಾಯಿತು ಇದು.

ಸಹೋದ್ಯೋಗಿಗಳ ಮನ ನೋಯಿಸಬಾರದೆಂದು ಒಂದು ಗುಟುಕು ಕುಡಿದೆನೆನ್ನುವವನಿಗೆ ಕನ್ನಡದಲ್ಲಿಯೇ ಒಂದು ಕಥೆಯಿದೆ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಅರಸನು ಜೀವಂತ ಪ್ರಾಣಿಯನ್ನು ಬಲಿಗೊಡಲಿಲ್ಲ. ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟನು. ನೆತ್ತರಿಲ್ಲ, ಪ್ರಾಣವಿಲ್ಲ, ಮನೆಯವರ ಸಮಾಧಾನವೊಂದೇ ಉದ್ದೇಶ. ಆ ಸಂಕಲ್ಪಹಿಂಸೆಯೊಂದಕ್ಕಾಗಿ ತಾಯಿಮಗ ಎಷ್ಟು ತಿರ್ಯಗ್ಜನ್ಮಗಳಲ್ಲಿ ತೊಳಲಿದರೆಂಬುದನ್ನು ವಾಚಕರಿಗೆ ನೆನಪಿಸಬೇಕಾಗಿಲ್ಲ. ಆ ಅರಸನಿಗಾದರೂ ಎದುರಿದ್ದುದು ಹಿಟ್ಟು. ಈ ತರುಣನ ಎದುರಿರುವುದು ನಿಜವಾದ ಮದ್ಯ.

ಕರ್ನಾಟಕದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟವನ್ನು ನಿಷೇಧಿಸಲಾಯಿತು. ಕೂಲಿಯವನ ಪೊಟ್ಟಣವನ್ನು ಕಿತ್ತುಕೊಂಡಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅದಾದ ಕೆಲವೇ ವರ್ಷಗಳಲ್ಲಿ ಅದೇ ರಾಜಧಾನಿಯಲ್ಲಿ ತಾಮ್ರದ ಹೊಳೆಯುವ ಹಂಡೆಗಳನ್ನು ಗಾಜಿನ ಗೋಡೆಯ ಹಿಂದೆ ಪ್ರದರ್ಶಿಸುವ ಬ್ರೂಪಬ್ಬುಗಳು ನಗರದ ಪ್ರತಿಷ್ಠೆಯ ಗುರುತಾದವು. ಮದ್ಯವು ಬಡವನ ಬಾಯಲ್ಲಿ ವ್ಯಸನ, ಉಳ್ಳವನ ಬಾಯಲ್ಲಿ ಅಭಿರುಚಿ! ಸಪ್ತವ್ಯಸನಗಳಲ್ಲಿ ಸುರಾಪಾನವನ್ನು ಎಣಿಸಿದವರು ವರಮಾನದ ಮಿತಿಯನ್ನು ನಮೂದಿಸಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಆ ತರುಣನು ಅಲ್ಲಿಗೆ ಹೋಗುವುದು ಬಿಯರಿಗಾಗಿ ಮಾತ್ರವಲ್ಲ ಎಂಬುದನ್ನು ಹಿರಿಯರು ಗಮನಿಸಬೇಕು. ಅಲ್ಲಿ ದೀಪ ಉರಿಯುತ್ತಿರುತ್ತದೆ, ಮೇಜಿದೆ, ಮಾತಿದೆ, ಹೆಸರು ಹಿಡಿದು ಕರೆಯುವವರಿದ್ದಾರೆ. ಸಹಕಾರದ ಆ ಬಲಕ್ಕೆ ಪೀಪಾಯಿ ಬೇಕೇ ಬೇಕೆಂದೇನೂ ಇಲ್ಲ. ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಅವರನ್ನು ಒಗ್ಗೂಡಿಸಿದ್ದು ಸಾಲದ ಕಷ್ಟ. ಇಂಗ್ಲೆಂಡಿನಲ್ಲಿಯೂ ಮುಚ್ಚಿಹೋಗಲಿದ್ದ ಕಿರಾಣಿ ಅಂಗಡಿಗಳನ್ನು ಹೀಗೆಯೇ ಪಾಲು ಹಾಕಿ ಉಳಿಸಿಕೊಂಡ ಹಳ್ಳಿಗಳು ಎಷ್ಟೋ ಇವೆ. ಜೈನ ಸಮಾಜದಲ್ಲಿ ಹಣಕ್ಕೆ ಬರವಿಲ್ಲ, ಕಟ್ಟಡಕ್ಕೂ ಇಲ್ಲ. ಆದರೆ ಸಮಾಜದ ಸಭಾಭವನಗಳ ಬೀಗ ಎಷ್ಟೋ ಊರುಗಳಲ್ಲಿ ಮದುವೆಯ ದಿನ ಬಿಟ್ಟರೆ ತೆರೆಯುವುದಿಲ್ಲ. ಸಂಜೆ ನಾಲ್ಕು ಜನ ತರುಣರು ಕುಳಿತು ಹರಟಲು ಅಲ್ಲಿ ಒಂದು ಬೆಂಚೂ ಇಲ್ಲ, ಕುಡಿಯಲು ಒಂದು ಲೋಟ ಕಷಾಯವೂ ಇಲ್ಲ. ಮದ್ಯತ್ಯಾಗದ ಗೊತ್ತುವಳಿಯನ್ನು ವಾರ್ಷಿಕ ಸಭೆಯಲ್ಲಿ ಸರ್ವಾನುಮತದಿಂದ ಅಂಗೀಕರಿಸುವ ಟ್ರಸ್ಟಿಗಳು ಆ ಬೀಗದ ಕೈಯನ್ನು ಸಂಜೆ ಯಾರ ವಶಕ್ಕೆ ಕೊಡುತ್ತಾರೆಂಬುದನ್ನೂ ಅದೇ ಸಭೆಯಲ್ಲಿ ಗೊತ್ತುಪಡಿಸಲಿ. ಭವನವನ್ನು ಸತ್ಕಾರಕೂಟಗಳಿಗೆ ಬಾಡಿಗೆ ಕೊಡುವಾಗ ಕರಾರುಪತ್ರದಲ್ಲಿ ಮದ್ಯದ ಬಗ್ಗೆ ಒಂದು ಸಾಲಾದರೂ ಇದೆಯೇ ಎಂಬುದನ್ನೂ ಅಂದೇ ತೆಗೆದು ನೋಡಲಿ.