ಕಾಣದ ವಾಯುವಿನ ಲೆಕ್ಕ

ಹೊಗೆ ಕಾಣುತ್ತದೆ, ಧೂಳು ಕಣ್ಣಿಗೆ ಬೀಳುತ್ತದೆ. ಮೀಥೇನ್ ಎಂಬ ವಾಯುವಿಗಾದರೋ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದುದರಿಂದಲೇ ಜನರೂ ಅಧಿಕಾರಿಗಳೂ ಅದರ ಗೊಡವೆಗೆ ಹೋಗುವುದು ವಿರಳ. ಆದರೆ ವಾತಾವರಣದ ನೂರು ಕೋಟಿ ಅಣುಗಳಲ್ಲಿ 1750ರ ಸುಮಾರಿಗೆ 720ರಷ್ಟಿದ್ದ ಈ ವಾಯು ಇಂದು 1900ನ್ನು ಮೀರಿದೆ. ನೂರು ವರ್ಷಗಳ ಅವಧಿಯನ್ನು ಗಣಿಸಿದರೆ, ಸಮತೂಕದ ಇಂಗಾಲಾಮ್ಲ ವಾಯುವಿಗಿಂತ ಇದು ಭೂಮಿಯನ್ನು ಸುಮಾರು 28 ಪಟ್ಟು ಹೆಚ್ಚು ಕಾಯಿಸುತ್ತದೆ.

ಬಾಗಲಕೋಟೆ ಜಿಲ್ಲೆಯಲ್ಲಿ ಇದನ್ನು ಅಳೆಯಬೇಕೆಂದರೆ ಎಲ್ಲರ ಬೆರಳೂ ಮೊದಲು ಸಿಮೆಂಟಿನ ಚಿಮಣಿಯ ಕಡೆಗೇ ತಿರುಗುವುದು. ಇದು ಅವಸರದ ತೀರ್ಪು. ಸುಣ್ಣದ ಕಲ್ಲನ್ನು ಸುಡುವ ಭಟ್ಟಿಯಿಂದ ಮುಖ್ಯವಾಗಿ ಹೊರಡುವುದು ಇಂಗಾಲಾಮ್ಲ. ಮೀಥೇನ್ ನಮ್ಮ ಕಡೆ ಹೆಚ್ಚಾಗಿ ಹುಟ್ಟುವುದು ದನಗಳ ಹೊಟ್ಟೆಯಲ್ಲಿ, ಪೇಟೆಯ ಕಸದ ರಾಶಿಯಲ್ಲಿ, ಗಟಾರದಲ್ಲಿ, ನೀರು ನಿಂತು ಕೊಳೆತ ಕೆಸರಿನಲ್ಲಿ. ಹಳೆಯ ಬಾಗಲಕೋಟೆಯ ಒಂದು ಭಾಗವನ್ನೇ ನುಂಗಿದ ಆಲಮಟ್ಟಿಯ ಹಿನ್ನೀರೂ ಈ ದೃಷ್ಟಿಯಿಂದ ಪರೀಕ್ಷೆಗೆ ಒಳಪಡತಕ್ಕದ್ದು.

ಹೀಗಿರಲು ಕಾರಖಾನೆಯ ಬಳಿ ಮಾತ್ರ ಅಳೆದರೆ ಸಾಲದು. ಬಾಗಲಕೋಟೆಯ ಅಂಕಿಗೆ ಬಾದಾಮಿಯ ಬೆಟ್ಟಗಳ ಅಂಕಿಯೇ ಒರೆಗಲ್ಲು; ಇಳಕಲ್ಲಿನ ಪೇಟೆಗೆ ಹುನಗುಂದದ ಎರೆಹೊಲವೇ ಒರೆಗಲ್ಲು. ಅಳೆಯುವ ವೇಳೆಯೂ ಒಂದೇ ಆಗಿರಬೇಕು. ರಾತ್ರಿಯ ತಂಪಿನಲ್ಲಿ ಈ ವಾಯು ನೆಲದ ಸಮೀಪ ಶೇಖರವಾಗುತ್ತದೆ. ಬಿಸಿಲೇರಿದಂತೆ ಮೇಲಕ್ಕೆ ಹರಡಿ ತೆಳುವಾಗುತ್ತದೆ. ಒಂದೆಡೆಯ ಬೆಳಗಿನ ಜಾವವನ್ನು ಇನ್ನೊಂದೆಡೆಯ ಮಧ್ಯಾಹ್ನದೊಡನೆ ಹೋಲಿಸಿದರೆ ಶ್ರಮವೆಲ್ಲ ವ್ಯರ್ಥ.

ಇದು ಕೇವಲ ಪಂಡಿತರ ಕುತೂಹಲವೇ? ಅಲ್ಲವೆಂದು ನಾವು ಹೇಳುತ್ತೇವೆ. 2021ರಲ್ಲಿ ಗ್ಲಾಸ್ಗೋದಲ್ಲಿ ನೂರಕ್ಕೂ ಹೆಚ್ಚು ರಾಷ್ಟ್ರಗಳು, ಮೀಥೇನನ್ನು 2030ರೊಳಗೆ ನೂರಕ್ಕೆ 30ರಷ್ಟು ತಗ್ಗಿಸುವ ಪ್ರತಿಜ್ಞೆಗೆ ಸೇರಿದವು. ಭಾರತ ಸೇರಲಿಲ್ಲ. ಬತ್ತದ ಗದ್ದೆಯೂ ದನಕರುಗಳೂ ಸಣ್ಣ ರೈತನ ಜೀವನಾಧಾರವೆಂಬುದು ನಮ್ಮ ದೇಶದ ವಾದ. ವಾದವು ನ್ಯಾಯವಾದುದೇ, ಆದರೆ ಲೆಕ್ಕವಿಲ್ಲದ ವಾದಕ್ಕೆ ಬಲವೆಲ್ಲಿಯದು? ಪರರಾಷ್ಟ್ರಗಳ ಉಪಗ್ರಹಗಳು ಈಗಾಗಲೇ ಆಕಾಶದಿಂದ ನಮ್ಮ ನೆಲದ ಮೀಥೇನನ್ನು ಅಳೆಯುತ್ತಿವೆ. ನೆಲದ ಮೇಲೆ ನಿಂತು ನಾವು ಅಳೆಯದಿದ್ದರೆ ಅವರು ಹೇಳಿದ್ದೇ ಪ್ರಮಾಣವಾಗುವುದು. ಪೇಟೆಯ ಕಸದ ರಾಶಿಯ ತಪ್ಪು ಎತ್ತು ಕಟ್ಟಿದ ರೈತನ ತಲೆಗೆ ಬರಬಾರದು.

ಜಿಲ್ಲೆಯ ಕಾಲೇಜುಗಳು ಈ ಕಾರ್ಯವನ್ನು ಕೈಕೊಳ್ಳಲಿ. ಸರಕಾರವು ಯಂತ್ರಗಳನ್ನೂ ಹಣವನ್ನೂ ಒದಗಿಸಲಿ. ಅಂಕಿಗಳು ಕಪಾಟಿನಲ್ಲಿ ಮಲಗದೆ ವರ್ಷವರ್ಷವೂ ಜನರ ಮುಂದೆ ಬರಲಿ. ಹೊಲಕ್ಕೆ ಮೋಜಣಿ ಇದೆ, ಮಳೆಗೆ ಮಾಪಕವಿದೆ. ಊರಿನ ಗಾಳಿಯ ಲೆಕ್ಕವನ್ನು ಮಾತ್ರ ಪರರಿಗೆ ಬಿಟ್ಟುಕೊಡುವುದು ಸ್ವತಂತ್ರ ಜನಕ್ಕೆ ಒಪ್ಪುವ ಮಾತಲ್ಲ.